ಅಚ್ಚು ಹಡಗೇರಿದ ಕಥೆ

2000ನೇ ಇಸವಿಯಲ್ಲಿ ಇಂಗ್ಲೆಂಡಿನ ಮಾದರಿ ರೈಲಿನ ಅಂಗಡಿಗಳಿಗೆ ಒಂದು ಹೊಸ ಎಂಜಿನ್ ಬಂತು. ಆಲಿವರ್ ಬುಲೀಡ್ ಎಂಬ ಎಂಜಿನಿಯರ್ ರೂಪಿಸಿದ, 1941ರಲ್ಲಿ ಅಲ್ಲಿನ ಸದರ್ನ್ ರೈಲ್ವೆಯ ಹಳಿಗಿಳಿದ, 1950ರ ದಶಕದಲ್ಲಿ ಹೊಸ ಕವಚ ತೊಟ್ಟ ಮರ್ಚೆಂಟ್ ನೇವಿ ಎಂಬ ಉಗಿಬಂಡಿಯ ಪ್ರತಿಕೃತಿ ಅದು. ಗಾತ್ರ ಮೂಲದ 76ರಲ್ಲಿ ಒಂದು ಪಾಲು. ಡಬ್ಬಿಯ ಮೇಲೆ ಹಾರ್ನ್‌ಬಿ ಎಂಬ ಹಳೆಯ ಇಂಗ್ಲಿಷ್ ಹೆಸರು. ತಯಾರಾದದ್ದು ಮಾತ್ರ ಚೀನಾದಲ್ಲಿ. ಬಾಯ್ಲರಿನ ಪಕ್ಕದ ಹಿಡಿಗಂಬಿಗಳು ನಿಜವಾದ ತೆಳು ತಂತಿಯವು, ಒಂದೊಂದನ್ನೂ ಬೇರೆಯಾಗಿ ಕೂರಿಸಿದ್ದರು. ಮೋಟರು ಎಂಜಿನ್ನಿನ ಹೊಟ್ಟೆಯೊಳಗೇ ಇತ್ತು. ಅದಕ್ಕೂ ಹಿಂದೆ ಅದೇ ಕಂಪನಿ ಇಂಗ್ಲೆಂಡಿನ ಮಾರ್ಗೇಟ್ ಊರಿನಲ್ಲಿ ಮಾಡುತ್ತಿದ್ದ ಎಷ್ಟೋ ಎಂಜಿನ್ನುಗಳಲ್ಲಿ ಹಿಡಿಗಂಬಿಯೆಂದರೆ ಪ್ಲಾಸ್ಟಿಕ್ ಮೈಮೇಲಿನ ಒಂದು ಉಬ್ಬುಗೆರೆ. ಮೋಟರು ಹಿಂದಿನ ಕಲ್ಲಿದ್ದಲ ಗಾಡಿಯಲ್ಲಿ ಅಡಗಿರುತ್ತಿತ್ತು. ಅಂದರೆ ಎಂಜಿನ್ ಗಾಡಿಯನ್ನು ಎಳೆಯುತ್ತಿರಲಿಲ್ಲ, ಗಾಡಿಯೇ ಎಂಜಿನ್ನನ್ನು ತಳ್ಳುತ್ತಿತ್ತು.

ಊರಲ್ಲಿ ಮಾಡಿದ್ದು ಗಟ್ಟಿ, ಹೊರಗಿನಿಂದ ತಂದದ್ದು ಕಳಪೆ ಎಂಬ ಮಾತಿಗೆ ಆ ಎಂಜಿನ್ ಕೊಟ್ಟ ಏಟು ಸಣ್ಣದಲ್ಲ. ‘ಚೀನಾ ಮಾಲು’ ಎಂದು ನಾವೂ ಮೂಗು ಮುರಿಯುತ್ತೇವೆ, ಅನೇಕ ಸಲ ಕಾರಣವಿಟ್ಟೇ ಮುರಿಯುತ್ತೇವೆ. ಆದರೆ ಹವ್ಯಾಸದ ಸಾಮಾನುಗಳು ಕಡಲು ದಾಟಿದ ಚರಿತ್ರೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ದೇಶದ ಹೆಸರು ಬಹಳ ಕಡಿಮೆ ಹೇಳುತ್ತದೆ. ಹೆಚ್ಚು ಹೇಳುವುದು ಅಚ್ಚು. ಉಕ್ಕಿನ ದಪ್ಪ ಗಟ್ಟಿಯಲ್ಲಿ ಕೊರೆದ ಆ ಟೊಳ್ಳಿಗೆ ಕಾದ ಪ್ಲಾಸ್ಟಿಕ್ಕನ್ನೋ ಸತುವಿನ ಎರಕವನ್ನೋ ನುಗ್ಗಿಸಿದರೆ ಸಾವಿರಗಟ್ಟಲೆ ಒಂದೇ ರೂಪದ ತುಂಡುಗಳು ಹೊರಬರುತ್ತವೆ. ಆಟಿಕೆ ತಯಾರಿಕೆಯಲ್ಲಿ ದೊಡ್ಡ ಬಂಡವಾಳ ಹೂತುಹೋಗುವುದು ಅದರಲ್ಲೇ. ಅಚ್ಚು ಯಾರದು, ಅದರ ಪಕ್ಕದಲ್ಲಿ ನಿಂತವರು ಯಾರು ಎಂದು ಕೇಳುತ್ತ ಹೋದರೆ ಈ ಕಥೆ ಬೇರೆ ದಾರಿ ಹಿಡಿಯುತ್ತದೆ.

ಶುರುವಾದದ್ದು ಲಿವರ್‌ಪೂಲಿನಲ್ಲಿ. ಫ್ರಾಂಕ್ ಹಾರ್ನ್‌ಬಿ ತೂತು ಹೊಡೆದ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟಿನಿಂದ ಜೋಡಿಸುವ ಆಟಕ್ಕೆ 1901ರಲ್ಲಿ ಪೇಟೆಂಟ್ ಪಡೆದ. ಅದೇ ಮುಂದೆ ಮೆಕ್ಯಾನೋ ಆಯಿತು. (ನಮ್ಮಲ್ಲಿ ‘ಮೆಕ್ಯಾನಿಕ್ಸ್’ ಪೆಟ್ಟಿಗೆಯೊಡನೆ ಬೆಳೆದವರಿಗೆ ಆ ಹಸಿರು ಕೆಂಪು ಪಟ್ಟಿಗಳ ವಂಶವೃಕ್ಷ ಹೇಳಬೇಕಿಲ್ಲ.) 1920ರಲ್ಲಿ ಹಾರ್ನ್‌ಬಿ ರೈಲು, 1930ರ ದಶಕದಲ್ಲಿ ಡಿಂಕಿ ಕಾರು, 1938ರಲ್ಲಿ ಪುಟ್ಟ ಅಳತೆಯ ಡಬ್ಲೋ ರೈಲು, ಎಲ್ಲವೂ ಬಿನ್ಸ್ ರೋಡಿನ ಒಂದೇ ಕಾರ್ಖಾನೆಯಿಂದ ಬಂದವು. ಆ ಕಾಲದ ಮಾಲಿನ ಬಗ್ಗೆ ಇಂಗ್ಲೆಂಡಿನ ಹಿರಿಯರು ಈಗಲೂ ಭಕ್ತಿಯಿಂದ ಮಾತಾಡುತ್ತಾರೆ. ಆದರೆ ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಆ ಎರಕದ ಸಾಮಾನುಗಳಲ್ಲಿ ಎಷ್ಟೋ ಇಂದು ಪುಡಿಯಾಗಿವೆ. ಸತು ಮತ್ತು ಅಲ್ಯೂಮಿನಿಯಂ ಬೆರೆತ ಮಿಶ್ರಲೋಹಕ್ಕೆ ಒಂದಿಷ್ಟೇ ಸೀಸ ಸೇರಿಬಿಟ್ಟರೂ ಸಾಕು, ಗಾಳಿಯ ತೇವ ಹರಳುಗಳ ನಡುವಿನ ಸಂದಿಗೆ ಹೊಕ್ಕು ವರ್ಷಗಟ್ಟಲೆ ತಿನ್ನುತ್ತದೆ. ಮೊದಲು ಉಬ್ಬು, ಆಮೇಲೆ ಬಿರುಕು, ಕೊನೆಗೆ ಬೆರಳಿಟ್ಟರೆ ಉದುರುತ್ತದೆ. ಲಿವರ್‌ಪೂಲಿನ ನೆಲದಲ್ಲಿ, ಲಿವರ್‌ಪೂಲಿನ ಕೈಗಳು ಎರಕ ಹೊಯ್ದ ಮಾಲಿಗೇ ಈ ಗತಿ ಬಂದದ್ದು. ಕುಲುಮೆಗೆ ಹೋಗುವ ಸತು ಎಷ್ಟು ಶುದ್ಧ ಎಂದು ಗಮನಿಸದಿದ್ದರೆ ಸ್ವದೇಶವೂ ಕಾಯುವುದಿಲ್ಲ.

1964ರಲ್ಲಿ ಮೆಕ್ಯಾನೋ ಕಂಪನಿ ತನ್ನ ಎದುರಾಳಿ ಲೈನ್ಸ್ ಬ್ರದರ್ಸ್ ಕೈಸೇರಿತು. ಲೈನ್ಸ್ ಅವರ ಟ್ರೈ-ಆಂಗ್ ರೈಲುಗಳು ಕೆಂಟ್ ಪ್ರಾಂತದ ಕಡಲ ಮಗ್ಗುಲಿನ ಮಾರ್ಗೇಟ್‌ನಲ್ಲಿ ತಯಾರಾಗುತ್ತಿದ್ದವು. ಹಾರ್ನ್‌ಬಿ ಹೆಸರೂ ಅಲ್ಲಿಗೇ ಹೋಯಿತು. ಇದೇ ದಶಕದ ಕೊನೆಯ ಹೊತ್ತಿಗೆ ಡಿಂಕಿಯ ಕೆಲವು ಹಳೆಯ ಅಚ್ಚುಗಳು ಹಡಗು ಹತ್ತಿ ಕಲ್ಕತ್ತೆಗೆ ಬಂದವು. ಅಲ್ಲಿನ ಕಂಪನಿಯೊಂದು ಅವುಗಳಿಂದ ‘ನಿಕ್ಕಿ ಟಾಯ್ಸ್’ ಎಂಬ ಕಾರುಗಳನ್ನು ಹೊಯ್ಯಿತು. ಆಮದಿಗೆ ಬಿಗಿ ಕಡಿವಾಣವಿದ್ದ ಕಾಲ, ವಿದೇಶಿ ಆಟಿಕೆ ಅಂಗಡಿಯಲ್ಲಿ ಸಿಗುವಂತಿರಲಿಲ್ಲ. ಲಿವರ್‌ಪೂಲಿನಲ್ಲಿ ಜಾಗ್ವಾರ್ ಕಾರು ಮಾಡಿದ ಉಕ್ಕಿನಿಂದಲೇ ಕಲ್ಕತ್ತೆಯ ಜಾಗ್ವಾರ್ ಕಾರೂ ಹುಟ್ಟಿತು. ಆದರೂ ಅದು ಬೇರೆಯೇ ಸಾಮಾನು: ಬಣ್ಣ ದಪ್ಪ, ಅಂಚು ಒರಟು, ಕೆಲವದರ ತಳದಲ್ಲಿ ಡಿಂಕಿ ಎಂಬ ಹೆಸರನ್ನು ಕೆರೆದು ತೆಗೆದ ಗುರುತು. ಸವೆದ ಅಚ್ಚು ಬಂದಿತ್ತು, ಅದನ್ನು ದುರಸ್ತಿ ಮಾಡಿಕೊಂಡು ಬಂದಿದ್ದ ಕುಶಲಿ ಲಿವರ್‌ಪೂಲಿನಲ್ಲೇ ಉಳಿದಿದ್ದ. ಬಣ್ಣ, ರಬ್ಬರು, ಎರಕದ ಲೋಹ ಎಲ್ಲವನ್ನೂ ಇಲ್ಲಿ ಸಿಕ್ಕಿದ್ದರಲ್ಲೇ ನಿಭಾಯಿಸಬೇಕಿತ್ತು. ಇವತ್ತು ವಿದೇಶಿ ಸಂಗ್ರಾಹಕರು ನಿಕ್ಕಿ ಕಾರುಗಳನ್ನು ಹುಡುಕಿ ಕೊಳ್ಳುತ್ತಾರೆ. ಆ ಒರಟುತನಕ್ಕೇ ಈಗ ಬೆಲೆ.

ಇದಕ್ಕೆ ನೇರ ಎದುರಾದ ಇನ್ನೊಂದು ಪ್ರಕರಣ ಜಪಾನಿನದು. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು ಟೋಕಿಯೊದ ಅಂಗಡಿಗಳಲ್ಲಿ ಹಿತ್ತಾಳೆಯ ಪುಟ್ಟ ಎಂಜಿನ್ನುಗಳನ್ನು ಕಂಡರು. ಗಿಂಜಾದ ತೆನ್‌ಶೋಡೊ ಅಂಥ ಒಂದು ಹೆಸರು. 1950ರ ದಶಕದಿಂದ ಪೆಸಿಫಿಕ್ ಫಾಸ್ಟ್ ಮೇಲ್‌ನಂಥ ಅಮೆರಿಕನ್ ಆಮದುದಾರರು ಅಮೆರಿಕದ ರೈಲ್ವೆಗಳ ಎಂಜಿನ್ನುಗಳನ್ನು ಜಪಾನಿನಲ್ಲಿ ಮಾಡಿಸಿ ತರಿಸತೊಡಗಿದರು. ಇಲ್ಲಿ ದೊಡ್ಡ ಅಚ್ಚಿನ ಕೆಲಸವಿರಲಿಲ್ಲ. ಸಣ್ಣ ವರ್ಕ್‌ಶಾಪುಗಳಲ್ಲಿ ಕೂತವರು ನೂರಾರು ತುಂಡುಗಳನ್ನು ಕೈಯಿಂದ ಬೆಸುಗೆ ಹಾಕುತ್ತಿದ್ದರು. ಅಮೆರಿಕದ ಕಾರ್ಖಾನೆಗಳಿಗೆ ಅಷ್ಟು ಕಡಿಮೆ ಸಂಖ್ಯೆಯಲ್ಲಿ, ಅಷ್ಟು ಸೂಕ್ಷ್ಮವಾಗಿ ಮಾಡುವುದು ಗಿಟ್ಟುತ್ತಿರಲಿಲ್ಲ. 1971ರವರೆಗೆ ಡಾಲರಿಗೆ 360 ಯೆನ್ ಎಂಬ ಸ್ಥಿರ ದರವಿತ್ತು. ಅದು ಕಳಚಿ ಯೆನ್ ಏರತೊಡಗಿದಾಗ, ಜಪಾನಿನ ಕೂಲಿಯೂ ಏರಿದಾಗ, ಕೆಲಸ ದಕ್ಷಿಣ ಕೊರಿಯಾಕ್ಕೆ ಜಾರಿತು. ಅಲ್ಲಿಂದ ಮುಂದೆ ಚೀನಾಕ್ಕೆ. ‘ಮೇಡ್ ಇನ್ ಜಪಾನ್’ ಎಂದರೆ ಅಗ್ಗದ ತಗಡು ಎಂದು ಅಮೆರಿಕನ್ನರು ನಗುತ್ತಿದ್ದ ವರ್ಷಗಳಲ್ಲೇ ಅವರ ಅತ್ಯಂತ ದುಬಾರಿ ರೈಲುಗಳು ಜಪಾನಿನಿಂದ ಬರುತ್ತಿದ್ದವು.

ಲಯನೆಲ್ ಮಾಡಿದ ತಪ್ಪು ಇನ್ನೊಂದು ಬಗೆಯದು, ನನ್ನ ಲೆಕ್ಕದಲ್ಲಿ ಈ ಇಡೀ ಚರಿತ್ರೆಯ ಅತ್ಯಂತ ದುಬಾರಿ ಪಾಠವೂ ಅದೇ. ಜೋಶುವಾ ಲಯನೆಲ್ ಕೋವನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಈ ಕಂಪನಿಯ ರೈಲು ಅಮೆರಿಕದ ಮನೆಮನೆಯ ಕ್ರಿಸ್‌ಮಸ್ ಮರದ ಬುಡದಲ್ಲಿ ಸುತ್ತಿದ್ದು. 1969ರಲ್ಲಿ ತಯಾರಿಕೆಯ ಹಕ್ಕು ಜನರಲ್ ಮಿಲ್ಸ್ ಎಂಬ ತಿಂಡಿತಿನಿಸಿನ ದೈತ್ಯನ ಪಾಲಾಯಿತು, ಕಾರ್ಖಾನೆ ಮಿಶಿಗನ್‌ನ ಮೌಂಟ್ ಕ್ಲೆಮೆನ್ಸ್‌ಗೆ ಬಂತು. 1983ರ ಸುಮಾರಿಗೆ ಕೂಲಿ ಉಳಿಸಲೆಂದು ಕೆಲಸವನ್ನೆಲ್ಲ ಗಡಿಯಾಚೆ ಮೆಕ್ಸಿಕೋದ ತಿಹ್ವಾನಾಕ್ಕೆ ಎತ್ತಿಕೊಂಡು ಹೋದರು. ಯಂತ್ರ ಹೋಯಿತು, ಅಚ್ಚು ಹೋಯಿತು, ನಕ್ಷೆಯೂ ಹೋಯಿತು. ಹಳೆಯ ಕೆಲಸಗಾರರು ಮಾತ್ರ ಮಿಶಿಗನ್ ಬಿಟ್ಟು ಹೊರಡಲಿಲ್ಲ. ದಶಕಗಳ ಹಳೆಯ ಅಚ್ಚುಗಳಿಗೆ ಒಂದೊಂದಕ್ಕೂ ಒಂದೊಂದು ಹಟವಿರುತ್ತದೆ: ಯಾವುದಕ್ಕೆ ಎಷ್ಟು ಬಿಸಿ, ಯಾವುದನ್ನು ಎಷ್ಟು ಹೊತ್ತು ತಣಿಸಬೇಕು, ಯಾವ ಗಾಲಿಯನ್ನು ಒತ್ತುವಾಗ ಕೈ ಎಲ್ಲಿ ತಡೆಯಬೇಕು. ಅಂಥದ್ದು ಯಾವ ಕಾಗದದ ಮೇಲೂ ಪೂರ್ತಿ ಇಳಿಯುವುದಿಲ್ಲ. ತಿಹ್ವಾನಾದ ಹೊಸಬರಿಗೆ ಹೇಳಿಕೊಡುವವರೇ ಇಲ್ಲದೆ ಮಾಲು ತಡವಾಯಿತು, ಬಂದದ್ದರಲ್ಲೂ ದೋಷ. ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಗೆ ಸೇರದ ಆಟದ ರೈಲನ್ನು ಜನವರಿಯಲ್ಲಿ ಯಾರೂ ಕೇಳುವುದಿಲ್ಲ. ಒಂದೆರಡು ವರ್ಷದೊಳಗೆ ಕಂಪನಿ ಗಂಟುಮೂಟೆ ಕಟ್ಟಿ ಮಿಶಿಗನ್‌ಗೆ ವಾಪಸಾಯಿತು. ಮೆಕ್ಸಿಕನ್ನರ ಕೈಗೆ ಕೌಶಲವಿರಲಿಲ್ಲ ಎಂದು ಆಗ ಹೇಳಿದವರಿದ್ದರು. ಕಲಿಸುವವರನ್ನು ಹಿಂದೆ ಬಿಟ್ಟು ಯಂತ್ರವನ್ನಷ್ಟೇ ಕಳಿಸಿದ್ದರೆ ಜಗತ್ತಿನ ಯಾವ ಊರಿನಲ್ಲೂ ಅದೇ ಆಗುತ್ತಿತ್ತು.

ಹಾಂಕಾಂಗ್‌ನವರು ಇದನ್ನು ಬೇರೆ ರೀತಿ ಮಾಡಿದರು. ಅಲ್ಲಿನ ಕೇಡರ್ ಕಂಪನಿ 1940ರ ದಶಕದ ಕೊನೆಯಿಂದ ಪ್ಲಾಸ್ಟಿಕ್ ಸಾಮಾನು ಮಾಡಿಕೊಂಡು ಬಂದಿತ್ತು. 1976ರಲ್ಲಿ ಇಂಗ್ಲೆಂಡಿನ ಪ್ಯಾಲಿಟಾಯ್ ಕಂಪನಿ ‘ಮೇನ್‌ಲೈನ್’ ಎಂಬ ಹೆಸರಿನಲ್ಲಿ ಮಾದರಿ ರೈಲು ಮಾರತೊಡಗಿದಾಗ ಅದನ್ನು ಮಾಡಿಕೊಟ್ಟದ್ದು ಕೇಡರ್. ನೋಟದಲ್ಲಿ ಮೇನ್‌ಲೈನ್ ಎಂಜಿನ್ನುಗಳು ಮಾರ್ಗೇಟ್‌ನವನ್ನು ನಾಚಿಸುವಂತಿದ್ದವು. ಓಟದಲ್ಲಿ ಮಾತ್ರ ಸೊರಗಿದ್ದವು: ಸೀಳಿ ಜೋಡಿಸಿದ ಚಾಸಿ, ಬಿರುಕು ಬಿಡುವ ಪ್ಲಾಸ್ಟಿಕ್ ಅಚ್ಚುಗಂಬಿ, ಸೋಲುವ ಮೋಟರು. ಎಂಟು ಹತ್ತು ವರ್ಷಗಳಲ್ಲಿ ಪ್ಯಾಲಿಟಾಯ್ ಮಾದರಿ ರೈಲಿನ ವ್ಯಾಪಾರದಿಂದ ಕೈತೊಳೆದುಕೊಂಡಿತು. ಅಚ್ಚುಗಳು ಕೇಡರ್ ಬಳಿಯೇ ಉಳಿದವು, ಏಕೆಂದರೆ ಒಡೆತನ ಅದರದೇ. 1987ರಲ್ಲಿ ಕೇಡರ್ ಅಮೆರಿಕದ ಫಿಲಡೆಲ್ಫಿಯಾದ ಬ್ಯಾಕ್‌ಮನ್ ಕಂಪನಿಯನ್ನು ಕೊಂಡಿತು. ಎರಡು ವರ್ಷದಲ್ಲಿ ಇಂಗ್ಲೆಂಡಿನಲ್ಲೂ ಬ್ಯಾಕ್‌ಮನ್ ಶಾಖೆ ತೆರೆದು, ಅದೇ ಮೇನ್‌ಲೈನ್ ಅಚ್ಚುಗಳಿಂದ ಹೊರಟ ಎಂಜಿನ್ನುಗಳನ್ನು ತನ್ನದೇ ಹೆಸರಿನಲ್ಲಿ ಮಾರಿತು, ಒಂದೊಂದಾಗಿ ಒಳಗಿನ ಯಂತ್ರವನ್ನೂ ತಿದ್ದಿತು. ಕೂಲಿಗೆ ದುಡಿಯುತ್ತಿದ್ದ ಕಾರ್ಖಾನೆ ಹೀಗೆ ಯಜಮಾನನ ಕುರ್ಚಿಯಲ್ಲಿ ಕೂತಿತು. ಮಾರ್ಗೇಟ್‌ಗೆ ಬಿಸಿ ಮುಟ್ಟಿದ್ದು ಆಗ.

ಇಲ್ಲಿ ಎರಡು ಬೆಂಕಿಗಳ ವಿಷಯ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. 1993ರ ಮೇ 10ರಂದು ಥಾಯ್ಲೆಂಡಿನ ನಕೋನ್ ಪಥೋಮ್ ಪ್ರಾಂತದ ಕೇಡರ್ ಆಟಿಕೆ ಕಾರ್ಖಾನೆಗೆ ಬೆಂಕಿ ಬಿತ್ತು. ಗೊಂಬೆ, ಮೆತ್ತನೆಯ ಪ್ರಾಣಿಗಳನ್ನು ಹೊಲಿಯುತ್ತಿದ್ದ 188 ಜನ ಸತ್ತರು, ಹೆಚ್ಚಿನವರು ಹಳ್ಳಿಗಳಿಂದ ಬಂದ ತರುಣಿಯರು. ಬಾಗಿಲುಗಳಿಗೆ ಬೀಗವಿತ್ತು, ಶಾಖ ತಡೆಯುವ ಹೊದಿಕೆಯಿಲ್ಲದ ಉಕ್ಕಿನ ಕಂಬಗಳು ಬಾಗಿ ಕಟ್ಟಡವೇ ಕುಸಿಯಿತು. ಆ ಕಾರ್ಖಾನೆಯಲ್ಲಿ ಹಾಂಕಾಂಗ್‌ನ ಕೇಡರ್ ಸಮೂಹಕ್ಕೂ ಪಾಲಿತ್ತು. ಅದೇ ವರ್ಷ ನವೆಂಬರ್ 19ರಂದು ಚೀನಾದ ಶೆನ್‌ಜೆನ್‌ನಲ್ಲಿ ಜೀಲಿ ಆಟಿಕೆ ಕಾರ್ಖಾನೆ ಉರಿದು 87 ಜನ ಹೋದರು. ಅಲ್ಲಿ ಕಿಟಕಿಗಳಿಗೆ ಸರಳು. ಸತ್ತವರು ರೈಲು ಮಾಡುತ್ತಿದ್ದವರಲ್ಲ, ನಿಜ. ಆದರೆ ಇದೇ ಉದ್ಯಮ, ಇದೇ ಕೂಲಿ, ಇದೇ ಅವಸರ. ಹವ್ಯಾಸಿಗಳು ಬರೆದುಕೊಂಡ ಗುಣಮಟ್ಟದ ಪಟ್ಟಿಗಳಲ್ಲಿ ಬಣ್ಣದ ಹೊಳಪಿಗೆ ಅಂಕಣವಿರುತ್ತದೆ, ಹಿಡಿಗಂಬಿಯ ದಪ್ಪಕ್ಕೂ ಇರುತ್ತದೆ.

ಮಾರ್ಗೇಟ್‌ನವರು ಹೊರಟದ್ದು ಇದಾದ ಮೇಲೆ, 1990ರ ದಶಕದ ನಡುವಿನಲ್ಲಿ. ಹಂತಹಂತವಾಗಿ ಅಚ್ಚುಗಳು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್‌ಗೆ ಹೋದವು; ಕೆಲಸ ಹಿಡಿದದ್ದು ಮುಖ್ಯವಾಗಿ ಹಾಂಕಾಂಗ್ ಮೂಲದ ಸಾಂಡಾ ಕಾನ್ ಕಂಪನಿ. ದಶಕ ಮುಗಿಯುವಷ್ಟರಲ್ಲಿ ಮಾರ್ಗೇಟ್‌ನ ಯಂತ್ರಗಳು ಬಹುಮಟ್ಟಿಗೆ ನಿಂತವು, ನೂರಾರು ಜನ ಕೆಲಸ ಕಳೆದುಕೊಂಡರು. ಆಡಳಿತ, ವಿನ್ಯಾಸ ಮಾತ್ರ ಅಲ್ಲಿ ಉಳಿಯಿತು. ಕೂಲಿ ಕಡಿಮೆಯಾದಾಗ ಎರಡು ದಾರಿಗಳಿದ್ದವು. ಅದೇ ಹಳೆಯ ಎಂಜಿನ್ನನ್ನು ಅಗ್ಗಕ್ಕೆ ಮಾರಬಹುದಿತ್ತು. ಇಲ್ಲವೇ ಉಳಿದ ಹಣವನ್ನು ಕೈಕೆಲಸಕ್ಕೆ ಸುರಿಯಬಹುದಿತ್ತು. ಹಾರ್ನ್‌ಬಿ ಎರಡನೆಯದನ್ನು ಆರಿಸಿಕೊಂಡಿತು. ಬ್ಯಾಕ್‌ಮನ್ ಎದುರಿಗಿದ್ದುದರಿಂದ ಆರಿಸಿಕೊಳ್ಳಲೇಬೇಕಿತ್ತು. ಒಂದು ಎಂಜಿನ್ನಿಗೆ ಬೇರೆಯಾಗಿ ಕೂರಿಸುವ ತುಂಡುಗಳ ಸಂಖ್ಯೆ ಬೆಳೆಯುತ್ತ ಹೋಯಿತು. ರೈಲ್ವೆಯ ಲಾಂಛನ, ನಂಬರು, ಕೂದಲೆಳೆಯಂಥ ಪಟ್ಟಿಗೆರೆ, ಎಲ್ಲವನ್ನೂ ಮೆತ್ತನೆಯ ಸಿಲಿಕೋನ್ ದಿಂಡಿನಿಂದ ಒತ್ತಿ ಮುದ್ರಿಸುವ ಕೆಲಸ ಬಣ್ಣಕ್ಕೊಂದರಂತೆ ಮತ್ತೆ ಮತ್ತೆ ನಡೆಯುತ್ತಿತ್ತು. ಇಂಗ್ಲೆಂಡಿನ ಕೂಲಿಯಲ್ಲಿ ಇಂಥ ಎಂಜಿನ್ ಮಾಡಿದ್ದರೆ ಅದನ್ನು ಕೊಳ್ಳುವವರು ಬೆರಳೆಣಿಕೆಯಷ್ಟೇ ಇರುತ್ತಿದ್ದರು. ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆ ಆ ಹತ್ತು ವರ್ಷ ಸುಳ್ಳಾಯಿತು. ಕಾಸು ಅಷ್ಟೇ ಇದ್ದು ಕಜ್ಜಾಯ ದೊಡ್ಡದಾಯಿತು. ಆ ವ್ಯತ್ಯಾಸವನ್ನು ತುಂಬಿಕೊಟ್ಟವರು ಸಿಚುವಾನ್, ಹೂನಾನ್‌ನಂಥ ಒಳನಾಡುಗಳಿಂದ ಬಂದು ಗ್ವಾಂಗ್‌ಡಾಂಗ್‌ನ ಕಾರ್ಖಾನೆಯ ಪಕ್ಕದ ಡಾರ್ಮಿಟರಿಗಳಲ್ಲಿ ಮಲಗುತ್ತಿದ್ದವರು. ಅವರ ಹೆಸರು ಯಾವ ಕ್ಯಾಟಲಾಗಿನಲ್ಲೂ ಇಲ್ಲ.

ಉಕ್ಕಿನೊಡನೆ ಗುಟ್ಟೂ ಕಡಲು ದಾಟುತ್ತದೆ ಎಂಬುದು ಲಯನೆಲ್‌ಗೆ ಸಿಕ್ಕ ಎರಡನೆಯ ಪಾಠ. 2001ರಲ್ಲಿ ಅದು ಮಿಶಿಗನ್‌ನ ತಯಾರಿಕೆಯನ್ನೂ ನಿಲ್ಲಿಸಿ ಏಷ್ಯಾದತ್ತ ಹೊರಳಿತು. ಅಷ್ಟರಲ್ಲೇ ಎಂಟಿಎಚ್ ಎಂಬ ಎದುರಾಳಿ ಕಂಪನಿ ನ್ಯಾಯಾಲಯಕ್ಕೆ ಹೋಗಿತ್ತು. ಕೊರಿಯಾದಲ್ಲಿ ತನಗೆ ಮಾಡಿಕೊಡುತ್ತಿದ್ದ ಕಾರ್ಖಾನೆಯ ನಕ್ಷೆಗಳು ಲಯನೆಲ್‌ಗೆ ಮಾಡಿಕೊಡುವ ಇನ್ನೊಂದು ಕೊರಿಯನ್ ಕಂಪನಿಗೆ ಸೋರಿವೆ ಎಂಬುದು ದೂರು. 2004ರಲ್ಲಿ ಜ್ಯೂರಿ ಸುಮಾರು 4 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಲಯನೆಲ್ ಅದೇ ವರ್ಷ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. 2006ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿದ ಮೇಲೆ ರಾಜಿಯಾಯಿತು.

ಪರದೇಶವೆಂದರೆ ಏಷ್ಯಾವೇ ಆಗಬೇಕಿಲ್ಲ. ಪ್ಲಾಸ್ಟಿಕ್ ವಿಮಾನದ ಕಿಟ್‌ಗಳಿಗೆ ಹೆಸರಾದ ಏರ್‌ಫಿಕ್ಸ್ 1981ರಲ್ಲಿ ಬಿದ್ದಾಗ ಅದರ ಅಚ್ಚುಗಳು ಫ್ರಾನ್ಸಿನ ಕ್ಯಾಲೆಗೆ ಹೋಗಿದ್ದವು, ಅಲ್ಲಿಂದ ಹೆಲ್ಲರ್ ಕಂಪನಿಯ ತ್ರಾಂ ಎಂಬ ಊರಿನ ಕಾರ್ಖಾನೆಗೆ. 2006ರಲ್ಲಿ ಹೆಲ್ಲರ್ ಸೋತಿತು. ಅಚ್ಚುಗಳು ಫ್ರಾನ್ಸಿನಲ್ಲಿ, ಮಾರುವವರು ಇಂಗ್ಲೆಂಡಿನಲ್ಲಿ. ಕೆಲವೇ ವಾರಗಳಲ್ಲಿ ಏರ್‌ಫಿಕ್ಸ್‌ನ ಒಡೆಯ ಕಂಪನಿ, ಇಂಗ್ಲೆಂಡಿನ ಹಂಬ್ರಾಲ್ ಕೂಡ ಬಾಗಿಲು ಹಾಕಿತು. ಕೊಂಡದ್ದು ಹಾರ್ನ್‌ಬಿ. ಆಮೇಲೆ ಕೆಲವು ವರ್ಷ ಏರ್‌ಫಿಕ್ಸ್‌ನ ಎಷ್ಟೋ ಪೆಟ್ಟಿಗೆಗಳ ಮೇಲೆ ‘ಮೇಡ್ ಇನ್ ಇಂಡಿಯಾ’ ಎಂದೂ ಅಚ್ಚಾಗಿತ್ತು. ಒಂದಿಷ್ಟು ಕೆಲಸ ಮತ್ತೆ ಇಂಗ್ಲೆಂಡಿಗೇ ಮರಳಿದೆ.

ಗ್ವಾಂಗ್‌ಡಾಂಗ್‌ನ ಸುಗ್ಗಿ ಮುಗಿದದ್ದು 2008ರ ಆಸುಪಾಸಿನಲ್ಲಿ. ಆ ವರ್ಷದ ಜನವರಿಯಿಂದ ಚೀನಾದಲ್ಲಿ ಹೊಸ ಕಾರ್ಮಿಕ ಒಪ್ಪಂದ ಕಾನೂನು ಜಾರಿಗೆ ಬಂತು. ಕೂಲಿ ಏರುತ್ತಿತ್ತು, ಸೂಕ್ಷ್ಮ ಕೆಲಸ ಕಲಿತ ಹುಡುಗಿಯರು ಮೊಬೈಲ್ ಫೋನಿನ ಕಾರ್ಖಾನೆಗಳಿಗೆ ಹೋಗಬಲ್ಲವರಾಗಿದ್ದರು. ಸಾಂಡಾ ಕಾನ್ ಸಾಲದಲ್ಲಿ ಮುಳುಗಿತು. ಅದನ್ನು ಕೊಂಡದ್ದು ಕೇಡರ್, ಅಂದರೆ ಬ್ಯಾಕ್‌ಮನ್‌ನ ಒಡೆಯ. ಹಾರ್ನ್‌ಬಿಯ ಎಂಜಿನ್ನುಗಳನ್ನು ಮಾಡಿಕೊಡುತ್ತಿದ್ದ ದೊಡ್ಡ ಕಾರ್ಖಾನೆ ಒಂದು ಬೆಳಿಗ್ಗೆ ಹಾರ್ನ್‌ಬಿಯ ಎದುರಾಳಿಯ ಜೇಬಿನಲ್ಲಿತ್ತು. ಹಲವು ಸಣ್ಣ ಗಿರಾಕಿಗಳಿಗೆ ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಲಾಯಿತು. ಹಾರ್ನ್‌ಬಿಯ ಸರಕು ತಡವಾಗತೊಡಗಿತು. 2012ರ ಹೊತ್ತಿಗೆ ಅದು ಷೇರುದಾರರಿಗೆ ಲಾಭ ತಗ್ಗುವುದೆಂದು ಎಚ್ಚರಿಕೆ ಕೊಡುವ ಸ್ಥಿತಿಗೆ ಬಂತು. ಕ್ಯಾಟಲಾಗಿನಲ್ಲಿ ಚಿತ್ರ ಬಂದ ಎಂಜಿನ್ ಮರುವರ್ಷದ ಕ್ಯಾಟಲಾಗಿನಲ್ಲೂ ಚಿತ್ರವಾಗಿಯೇ ಇರುತ್ತಿತ್ತು. ಖರ್ಚು ಇಳಿಸಲು ಕಂಪನಿ ‘ಡಿಸೈನ್ ಕ್ಲೆವರ್’ ಎಂಬ ಪದ್ಧತಿ ತಂದಿತು. ಸುತ್ತು ಬಳಸಿಲ್ಲದೆ ಹೇಳಿದರೆ, ಬೇರೆಯಾಗಿ ಕೂರಿಸುವ ತುಂಡುಗಳನ್ನು ಕಡಿಮೆ ಮಾಡುವುದು. ಕೆಲವು ಎಂಜಿನ್ನುಗಳಲ್ಲಿ ಹಿಡಿಗಂಬಿಗಳು ಮತ್ತೆ ಉಬ್ಬುಗೆರೆಗಳಾದವು. ಹವ್ಯಾಸಿಗಳು ರೊಚ್ಚಿಗೆದ್ದರು, ಕಂಪನಿ ಆ ಪದ್ಧತಿಯಿಂದ ಹಿಂದೆ ಸರಿಯಿತು. ಇದೆಲ್ಲ ನಡೆದದ್ದು ಚೀನಾದೊಳಗೇ ಎಂಬುದನ್ನು ಗಮನಿಸಬೇಕು: ಹೆಚ್ಚು ತುಂಡು ಕೂರಿಸಿ ಎಂದಾಗ ಕೂರಿಸಿದವರೂ, ಕಡಿಮೆ ಸಾಕು ಎಂದಾಗ ಬಿಟ್ಟವರೂ ಅದೇ ನಾಡಿನ ಕೆಲಸಗಾರರು.

ಅದೇ ಹೊತ್ತಿಗೆ ಹಳೆಯ ರೋಗವೂ ಮರುಕಳಿಸಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಚೀನಾದಲ್ಲಿ ಹೊಯ್ದ ಕೆಲವು ಡೀಸೆಲ್ ಎಂಜಿನ್ನುಗಳ ಚಾಸಿ, ಮುಖ್ಯವಾಗಿ ಹಾರ್ನ್‌ಬಿಯ ಕ್ಲಾಸ್ 31, ಕಪಾಟಿನಲ್ಲಿ ಇಟ್ಟಲ್ಲೇ ಉಬ್ಬಿ ಬಿರಿಯಿತು. ಕಾರಣ 1930ರ ದಶಕದ್ದೇ, ಎರಕದ ಲೋಹದೊಳಗಿನ ಕೊಳೆ. ಸತುವಿನ ಶುದ್ಧತೆಯನ್ನು ಹೇಗೆ ಕಾಯಬೇಕೆಂದು ಲೋಹತಜ್ಞರು ಆ ಕಾಲದಲ್ಲೇ ಕಂಡುಕೊಂಡಿದ್ದರು. ಆದರೆ ಕುಲುಮೆ ಹತ್ತು ಸಾವಿರ ಕಿಲೋಮೀಟರ್ ಆಚೆಯಿದ್ದರೆ, ಅದಕ್ಕೆ ಯಾವ ಗಟ್ಟಿ ಬಿತ್ತು ಎಂದು ನೋಡುವವರಾರು? ಬಿಡಿಭಾಗವೂ ಸಿಗುವುದಿಲ್ಲ, ಏಕೆಂದರೆ ಈ ಎಂಜಿನ್ನುಗಳು ಒಂದು ಕಂತಿನಲ್ಲಿ ತಯಾರಾಗಿ ಮುಗಿದುಹೋಗುತ್ತವೆ. 1950ರ ದಶಕದ ಡಬ್ಲೋ ಎಂಜಿನ್ನಿಗೆ ಇಂದಿಗೂ ಬ್ರಷ್ಷು ಗಾಲಿ ಹುಡುಕಬಹುದು. 2005ರ ಎಂಜಿನ್ನಿಗೆ ಹವ್ಯಾಸಿಗಳು 3ಡಿ ಪ್ರಿಂಟರಿನಲ್ಲಿ ತಾವೇ ಚಾಸಿ ಮಾಡಿಕೊಳ್ಳುತ್ತಿದ್ದಾರೆ. ಅಚ್ಚುಕಟ್ಟಿನಲ್ಲಿ ಹೊಸದು ಮೇಲು, ದುರಸ್ತಿಗೆ ಹಳೆಯದು ಮೇಲು. ಇವೆರಡನ್ನು ಒಂದೇ ತಕ್ಕಡಿಗೆ ಹಾಕಿ ಗುಣಮಟ್ಟ ಏರಿತೋ ಇಳಿಯಿತೋ ಎಂದು ಜಗಳ ಕಾಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಈಗ ಅಚ್ಚುಗಳು ನಮ್ಮ ಕಡೆಗೂ ಮುಖ ಮಾಡಿವೆ. ಭಾರತ ಸರ್ಕಾರ 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ 60ಕ್ಕೆ ಏರಿಸಿತು, 2023ರಲ್ಲಿ 70ಕ್ಕೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಅದೇ ತಿಂಗಳು ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಬಿತ್ತು. ಅದನ್ನು ಕಟ್ಟುವ ಹೊಣೆ ಹೊತ್ತದ್ದು ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ಮಾಡಿ ಕೈ ಪಳಗಿಸಿಕೊಂಡ ಏಕಸ್ ಕಂಪನಿ. ವಿದೇಶಿ ಬ್ರ್ಯಾಂಡುಗಳಿಗೆ ಆಟಿಕೆ ಮಾಡಿಕೊಡುವ ಕೆಲಸ ಅದು. ಇಂಥ ಗುತ್ತಿಗೆಯಲ್ಲಿ ಅಚ್ಚು ಸಾಮಾನ್ಯವಾಗಿ ಬ್ರ್ಯಾಂಡಿನ ಸ್ವತ್ತು. ಕೂಲಿ ಏರಿದ ದಿನ ಅದನ್ನು ಕಳಚಿ ಇನ್ನೊಂದು ದೇಶಕ್ಕೆ ಸಾಗಿಸಬಹುದು. ಕಲ್ಕತ್ತೆಗೆ ಅಚ್ಚು ಸಿಕ್ಕಿತ್ತು, ಕಲಿಸುವವರು ಸಿಕ್ಕಿರಲಿಲ್ಲ. ಕೊಪ್ಪಳಕ್ಕೆ ಕಲಿಸುವವರು ಸಿಗಬಹುದು. ಅಚ್ಚನ್ನು ಕೊರೆಯುವ ಟೂಲ್‌ರೂಮು, ಅದಕ್ಕೂ ಮೊದಲು ಚಿತ್ರ ಬರೆಯುವ ವಿನ್ಯಾಸದ ಮೇಜು, ಇವೂ ಅಲ್ಲಿಗೆ ಬರುತ್ತವೆಯೇ ಎಂಬುದನ್ನು ಅಲ್ಲಿ ಕೆಲಸಕ್ಕೆ ಸೇರುವ ಯಲಬುರ್ಗಾ, ಕುಕನೂರಿನ ಹುಡುಗ ಹುಡುಗಿಯರು ಮೊದಲ ಕೆಲವು ವರ್ಷಗಳಲ್ಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.